ನಡುಗುವ ತೊಟ್ಟಿಗೆ ಕಂಬಳಿ

ನಮ್ಮೂರ ಅಡಿವೆಪ್ಪನಂಥ ಪೆದ್ದ ನಿಮ್ಮೂರಲ್ಲಿದ್ದರೆ ಕರೆತನ್ನಿ, ನೋಡೇಬಿಡೋಣ. ಎಮ್ಮೆ ಕಾಯಲು ಕಳಿಸಿದರೆ ಎಮ್ಮೆಯೇ ಇವನನ್ನು ಮನೆಗೆ ಕರೆತರುತ್ತಿತ್ತು. ತಾಯಿ ಕಾಳವ್ವ ಅತ್ತು ಕರೆದು ಚನಬಸಪ್ಪನ ಚಿಲಕದ ಕಾರ್ಖಾನೆಗೆ ಸೇರಿಸಿದಳು. "ಇದೂ ಹೋದರ ನಿನಗ ಕೆಲಸ ಕೊಡೋರು ಈ ಸೀಮ್ಯಾಗ ಇಲ್ಲೋ ಮಗನ."

ಅಲ್ಲೊಂದು ತೊಟ್ಟಿ. ಕಲ್ಲು, ಸೋಪಿನ ನೀರು, ಕಬ್ಬಿಣದ ಚಿಲಕ ಹಾಕಿ ಗುಂಡಿ ಒತ್ತಿದರೆ ಗಡಗಡ ನಡುಗಿ ಚಿಲಕವನ್ನು ನುಣ್ಣಗೆ ತಿಕ್ಕುತ್ತದೆ. ಅಡಿವೆಪ್ಪ ತಿಕ್ಕಿಸಿದ, ನಿಲ್ಲಿಸಿದ, ಒದ್ದೆ ಚಿಲಕ ಅಲ್ಲೇ ಬಿಟ್ಟು ಉಣ್ಣಲು ಹೋದ. ಬರುವಷ್ಟರಲ್ಲಿ ಎಲ್ಲ ಕೆಂಪು ತುಕ್ಕು.

"ಒದ್ದೆ ಬಿಡ್ತಾರೇನಲೇ?" ಎಂದ ಚನಬಸಪ್ಪ. "ನೀರಿನಿಂದ ಎದ್ದದ್ದನ್ನ ಮರದ ಪುಡಿಯಾಗ ಹೊರಳಿಸಿ ಎಣ್ಣಿ ಸವರಬೇಕು."

"ಹೂಂ ಸಾವ್ಕಾರ್ರ."

ಮರುದಿನ ನೆಲಕ್ಕೆ ಚೆಲ್ಲಿದ್ದ ಸೋಪಿನ ನೀರಿಗೆ ಜಾರಿ ಚನಬಸಪ್ಪನೇ ಪಕ್ಕದ ನೀರಿನ ಹೌದಿಗೆ ಬಿದ್ದ. ಎದ್ದ. ಅಡಿವೆಪ್ಪ ಹಿಡಿದು ಮರದ ಪುಡಿಯಲ್ಲಿ ಹೊರಳಿಸಿದ, ಎಣ್ಣೆ ಸವರಿದ. ಸಾವ್ಕಾರ ಬಾಣಲೆಗೆ ಬಿಡಲು ಸಿದ್ಧವಾದ ಬಜ್ಜಿಯಂತಾದ.

"ಖೋಡಿ, ಚಳಿಗೆ ನಡುಗಾಕ ಹತ್ತಿದ್ದೆ. ನಡುಗೋರಿಗೆ ಕಂಬಳಿ ಹೊಚ್ಚಿ ಬಿಸಿ ಚಹಾ ಕೊಡಬೇಕು."

"ಹೂಂ ಸಾವ್ಕಾರ್ರ."

ಆಮೇಲಿನ ಸಲ ತೊಟ್ಟಿಗೆ ತುಕ್ಕು ತಡೆಯುವ ಔಷಧ ಹೊಯ್ಯಬೇಕಿತ್ತು. ಗುಂಡಿ ಒತ್ತಿದ್ದೇ ತಡ, ತೊಟ್ಟಿ ಗಡಗಡ ನಡುಗಿತು. ಅಡಿವೆಪ್ಪನಿಗೆ ಪಾಪ ಅನ್ನಿಸಿತು. ಕಂಬಳಿ ಹೊಚ್ಚಿದ. ಔಷಧ ಮರೆತು ಕೆಲಸಗಾರರ ಕಿಟ್ಲಿ ಚಹಾ ಪೂರ್ತಿ ಅದಕ್ಕೆ ಕುಡಿಸಿದ. ನಡುಕ ನಿಲ್ಲಲಿಲ್ಲ. ತನ್ನ ಪಾಲಿನದನ್ನೂ ಕುಡಿಸಿದ. ಚಹಾ ಕುಡಿದ ಚಿಲಕಗಳು ಹೊರಬಂದವು, ಕಾಗೆಮರಿಗಳಂತೆ ಕರ್ರಗೆ.

ಸುದ್ದಿ ಕೇಳಿ ಕಾಳವ್ವ ಓಡಿಬಂದು ಸಾವ್ಕಾರನ ಕಾಲು ಹಿಡಿದಳು.

"ನಾಳೆ ಗಿರಾಕಿ ಬರ್ತಾನ," ಎಂದ ಅವನು. "ಚಿಲಕ ಹೊಳೆದರ ನಿನ್ನ ಮಗ ಉಳಿದ, ಇಲ್ಲಾಂದ್ರ ಮನೀಗೆ. ಕೇಳಲೇ ಅಡಿವ್ಯಾ, ಔಷಧ ಹಾಕಿ ತಿಕ್ಕು, ಒಣಗಿಸು, ಎಣ್ಣಿ ಸವರು. ಬೆವರಿದ ಕೈ ತಾಗಿದರೂ ತುಕ್ಕು. ಕೋಣ್ಯಾಗಿಟ್ಟು ಒಳಗಿಂದ ಬಾಗಿಲ ಹಾಕ್ಕೋ. ಯಾರು ಬಂದರೂ ತೆಗೀಬ್ಯಾಡ."

ಈ ಸಲ ಅಡಿವೆಪ್ಪ ಒಂದೂ ತಪ್ಪಲಿಲ್ಲ. ಚಿಲಕಗಳು ಕನ್ನಡಿಯಾದವು. ಗಿರಾಕಿ ಬಂದು ಬಾಗಿಲು ಬಡಿದ. ಅಡಿವೆಪ್ಪ ಒಳಗಿನಿಂದಲೇ ಕೇಳಿದ:

"ಕೈ ಬೆವರ್‍ಯಾವೇನ್ರಿ?"

"ಬಿಸಿಲಾಗ ಬಂದೀನಿ, ಬೆವರದ ಇರ್ತಾವೇನು?"

"ಹಂಗಾದ್ರ ಹೋಗ್ರಿ."

ಸಾವ್ಕಾರ ಬಡಿದ. ಕಾಳವ್ವ ಬಡಿದಳು. "ಯಾರು ಬಂದರೂ ಅಂದೀರಿ," ಎಂದ ಒಳಗಿನವನು. ಗಿರಾಕಿ ಬೇರೆ ಕಾರ್ಖಾನೆಯ ದಾರಿ ಹಿಡಿದ. ಚನಬಸಪ್ಪ ಹೊಸ್ತಿಲಲ್ಲೇ ಕುಸಿದು ಗೊಳೋ ಎಂದು ಅತ್ತ.

ಅಡಿವೆಪ್ಪ ತಲೆ ಕೆರೆದುಕೊಂಡ. ಚಿಲಕ ಹೊಳೆಯುತ್ತಿವೆ, ಬಾಗಿಲು ಹಾಕಿದೆ, ಮತ್ತೆ ಅಳುವುದೇಕೆ? ತಿಳಿಯಲಿಲ್ಲ. ಸಂದಿಯಿಂದ ಇಣುಕಿದ. ಸಾವ್ಕಾರನ ಮುಖ, ಎದೆ, ಅಂಗಿ ಎಲ್ಲ ಒದ್ದೆ. ಅದಕ್ಕೇನು ಮಾಡಬೇಕೆಂದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹಂಗ ಒದ್ದಿ ಕುಂದ್ರಬ್ಯಾಡ್ರಿ ಸಾವ್ಕಾರ್ರ," ಎನ್ನುತ್ತ ಬಾಗಿಲ ಕೆಳಗಿನಿಂದ ಹಿಡಿ ಹಿಡಿಯಾಗಿ ಮರದ ಪುಡಿ ತಳ್ಳತೊಡಗಿದ. "ಹೊರಳ್ರಿ. ಎಣ್ಣಿ ತರ್ತೀನಿ."