ಆರಿದ ಒಲೆಯ ಅಳತೆ

"ಅಮ್ಮಾ, ಯಾರೂ ಗಲಾಟೆ ಮಾಡದ ಹಾಗೆ ಹಂಚಿದರೆ ಅದು ನ್ಯಾಯವೇ ತಾನೇ?"

ಕೇಳಿದವನು ಗಿರಿಯಪ್ಪ, ಬಂದರಿನ ಮೀನುಗಾರಿಕೆ ಅಧಿಕಾರಿ. ಗುರು ನೀಲಮ್ಮನವರು ಹತ್ತಾರು ಬಂದರುಗಳ ನೀರು ಕುಡಿದು, ಕೊನೆಗೆ ಅಳಿವೆಯ ಪಕ್ಕದಲ್ಲಿ ಒಂದು ಸಣ್ಣ ಆಶ್ರಮ ಕಟ್ಟಿಕೊಂಡು ಕೂತಿದ್ದರು. ಗಿರಿಯಪ್ಪ ಅವರ ಶಿಷ್ಯ. ಕಷ್ಟ ಬಂದಾಗ ಬರುತ್ತಿದ್ದ. ಆ ದಿನ ಕಷ್ಟ ಕಳೆದ ಖುಷಿಯಲ್ಲಿ ಬಂದಿದ್ದ.

"ಏನನ್ನು ಹಂಚುತ್ತೀಯೋ?" ನೀಲಮ್ಮ ಕೇಳಿದರು.

ಗಿರಿಯಪ್ಪ ವಿವರಿಸಿದ. ಸಮುದ್ರದಲ್ಲಿ ಟ್ಯೂನಾ ಕಡಿಮೆಯಾಗಿದೆ. ಮೊಟ್ಟೆಯಿಡುವ ಕಾಲದಲ್ಲಿ ಯಾರೂ ಹಿಡಿಯಕೂಡದು ಎಂದು ಮೇಲಿನಿಂದ ಆಜ್ಞೆಯಾಗಿದೆ. ಉಳಿದ ಕಾಲದಲ್ಲಿ ಇಡೀ ಬಂದರು ಸೇರಿ ಇಷ್ಟೇ ಹಿಡಿಯಬೇಕು ಎಂಬ ಮಿತಿಯೂ ಬಂದಿದೆ. ಅದರಲ್ಲಿ ಯಾವ ದೋಣಿಗೆ ಎಷ್ಟು ಪಾಲು ಎಂಬುದನ್ನು ನಾಳೆ ಅವನು ಹೇಳಬೇಕು.

"ಸುಲಭದ ದಾರಿ ಹೊಳೆಯಿತಮ್ಮ. ಇಷ್ಟು ವರ್ಷ ಯಾರು ಎಷ್ಟು ಹಿಡಿಯುತ್ತಿದ್ದರೋ ಅದೇ ಲೆಕ್ಕದಲ್ಲಿ ಪಾಲು. ಹೆಚ್ಚು ಹಿಡಿದವರಿಗೆ ಹೆಚ್ಚು."

"ಕಡಿಮೆ ಹಿಡಿದವರಿಗೆ?"

"ಅವರಿಗೆ ಕಡಿಮೆಯೇ ಅಭ್ಯಾಸವಾಗಿದೆಯಲ್ಲ."

ನೀಲಮ್ಮನವರ ಮೂಗಿನ ಹೊಳ್ಳೆಗಳು ಅರಳಿದವು. ಸಿಟ್ಟು ಬಂದಾಗ ಅವರು ಬೈಯುತ್ತಿರಲಿಲ್ಲ, ಕತೆ ಹೇಳುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ ಎಂದು ಹಳೆಯ ಶಿಷ್ಯರಿಗೆ ಗೊತ್ತಿತ್ತು.

"ಕೂತ್ಕೋ ಮಾರಾಯ," ಎಂದರು. ಕತೆ ಶುರುವಾಯಿತು.

ಒಂದು ದ್ವೀಪ. ಅಲ್ಲಿ ಗದ್ದೆಯಿಲ್ಲ, ಹಸುವಿಲ್ಲ. ತೆಂಗಿದೆ. ಸುತ್ತಲೂ ಸಮುದ್ರವಿದೆ, ಸಮುದ್ರದಲ್ಲಿ ಕೇದರ ಮೀನಿದೆ. ನೀವು ಕಚೇರಿಯಲ್ಲಿ ಕೂತು ಟ್ಯೂನಾ ಅನ್ನುತ್ತೀರಲ್ಲ, ಅದೇ. ಅಲ್ಲಿಯವರು ಬಿದಿರಿನ ಕೋಲಿಗೆ ಗಾಳ ಕಟ್ಟಿ ಕೇದರವನ್ನು ಒಂದೊಂದಾಗಿ ಎಳೆಯುತ್ತಿದ್ದರು. ದಡಕ್ಕೆ ತಂದು, ಸೀಳಿ, ದೊಡ್ಡ ಕೊಪ್ಪರಿಗೆಯಲ್ಲಿ ಉಪ್ಪುನೀರು ಹಾಕಿ ಬೇಯಿಸುತ್ತಿದ್ದರು. ತೆಂಗಿನ ಸಿಪ್ಪೆಯ ಹೊಗೆಗೆ ಹಿಡಿದು, ಬಿಸಿಲಿಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾದ ಮೇಲೆ ಹಡಗಿನವರಿಗೆ ಕೊಡುತ್ತಿದ್ದರು. ಪ್ರತಿ ಮನೆಯ ಮುಂದೆ ಒಂದು ಚಪ್ಪರ, ಚಪ್ಪರದ ಕೆಳಗೆ ಒಲೆ, ಒಲೆಯ ಮೇಲೆ ಕೊಪ್ಪರಿಗೆ.

ಆ ದ್ವೀಪಕ್ಕೆ ಒಂದು ಕಟ್ಟಳೆಯಿತ್ತು. ಸೀಳಿದ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಕಂಡ ದಿನ, ಮನೆಯ ಹಿರಿಯ ಹೆಂಗಸು ಕೊಡದಲ್ಲಿ ಸಮುದ್ರದ ನೀರು ತಂದು ಚಪ್ಪರದ ಒಲೆಗೆ ಸುರಿಯುತ್ತಿದ್ದಳು. ಮೀನು ಮೊಟ್ಟೆಯಿಟ್ಟು ಹೋಗುವವರೆಗೆ ಆ ಒಲೆ ಹೊತ್ತಿಸುವಂತಿಲ್ಲ. ದೋಣಿ ಮರಳಿನ ಮೇಲೆ. ಊಟಕ್ಕೆ ಗೆಣಸು, ತೆಂಗಿನಕಾಯಿ. ಗಂಡಸರು ಗೊಣಗುತ್ತಿದ್ದರು, ಮಕ್ಕಳು ಅಳುತ್ತಿದ್ದರು. ಆದರೂ ಒಲೆ ಆರಿಯೇ ಇರುತ್ತಿತ್ತು. ಇದನ್ನು ಯಾವ ದೊರೆಯೂ ಹೇಳಿರಲಿಲ್ಲ.

ಒಂದು ವರ್ಷ ಒಬ್ಬ ವ್ಯಾಪಾರಿ ಒಲೆಗೆ ನೀರು ಸುರಿಯಲಿಲ್ಲ. ಊರೆಲ್ಲ ಛೀ ಥೂ ಎಂದಿತು. ಅವನು ನಕ್ಕು, ಇನ್ನೊಂದು ಕೊಪ್ಪರಿಗೆ ತರಿಸಿದ. ಮರುವರ್ಷ ಪಕ್ಕದ ಮನೆಯವನೂ ಸುರಿಯಲಿಲ್ಲ. "ನಾವು ಬಿಟ್ಟರೆ ಅವನು ಬಾಚುತ್ತಾನೆ, ನಾವೇನು ಪೆದ್ದರೇ?" ಅಂದ. ಆಮೇಲೆ ಅದರ ಪಕ್ಕದವನು. ಹೀಗೆ ಒಂದೊಂದು ಚಪ್ಪರದಲ್ಲಿ ಹೊಗೆಯೆದ್ದು, ಕೊನೆಗೆ ಒಲೆ ಆರಿಸುವವಳು ಒಬ್ಬಳೇ ಒಬ್ಬಳು ಉಳಿದಳು.

ಅವಳಿಗೆ ಒಂದು ದೋಣಿಯಿತ್ತು. ಗಂಡನಿಲ್ಲ. ದೋಣಿ ನಡೆಸಲು ಒಬ್ಬ ಮುದಿ ತಾಂಡೇಲ, ಗಾಳ ಎಳೆಯಲು ಕೆಲವು ಆಳುಗಳು. ಅವಳು ಪುಣ್ಯವಂತೆ ಅಂತ ತಿಳಿದುಕೊಳ್ಳಬೇಡ. ಹಠಮಾರಿ. ಆ ವ್ಯಾಪಾರಿಯ ಹಾಗೆ ಆಗುವುದಕ್ಕಿಂತ ಗೆಣಸು ತಿನ್ನುವುದು ಮೇಲು ಅನ್ನುವ ಜಾತಿಯ ಹೆಂಗಸು.

ಪ್ರತಿ ವರ್ಷ ಅವಳು ಕೊಡ ಎತ್ತಿದಾಗ ತಾಂಡೇಲ ತಲೆ ಚಚ್ಚಿಕೊಳ್ಳುತ್ತಿದ್ದ. "ಅಕ್ಕಾ, ಯಾರಿಗೋಸ್ಕರ ಇದು? ಸಮುದ್ರದ ಮೀನಿಗೆ ನಿನ್ನ ಹೆಸರು ಗೊತ್ತಾ?"

"ನನಗೆ ಗೊತ್ತಲ್ಲ," ಅನ್ನುತ್ತಿದ್ದಳು. ನೀರು ಸುರಿಯುತ್ತಿದ್ದಳು.

ಅವಳ ಅಂಗಳದಲ್ಲಿ ಮಾವನ ಕಾಲದ ದೊಡ್ಡ ಕೊಪ್ಪರಿಗೆಯೊಂದು ಬೋರಲಾಗಿ ಬಿದ್ದಿತ್ತು. ಅದು ತುಂಬುವಷ್ಟು ಮೀನು ಅವಳಿಗೆ ಯಾವತ್ತೂ ಬೇಕಾಗಿರಲಿಲ್ಲ. ಅದರಡಿ ಕೋಳಿಗಳು ಸಂಸಾರ ಹೂಡಿದ್ದವು. ಒಲೆಯ ಮೇಲಿದ್ದದ್ದು ಚಿಕ್ಕದು.

ಮೀನು ಕಡಿಮೆಯಾಗುತ್ತ ಬಂತು. ದೊರೆಗೆ ಹೋಗಬೇಕಾದ ಕಾಣಿಕೆ ಮೀನೂ ಕಡಿಮೆಯಾಯಿತು. ಆಗ ದೊರೆಗೆ ಸಮುದ್ರದ ಚಿಂತೆ ಹತ್ತಿತು. ದೊರೆ ಕೆಟ್ಟವನಲ್ಲ ಮಾರಾಯ. ಒಳ್ಳೆಯ ದೊರೆಗಳು ಮಾಡುವ ಅನ್ಯಾಯಕ್ಕೆ ಹೊಳಪು ಜಾಸ್ತಿ, ಅಷ್ಟೇ. ದ್ವೀಪಕ್ಕೆ ಡಂಗುರ ಬಂತು. ಇನ್ನು ಮೊಟ್ಟೆಯ ಕಾಲದಲ್ಲಿ ಎಲ್ಲ ಚಪ್ಪರಗಳ ಒಲೆಯೂ ಆರಿರತಕ್ಕದ್ದು. ಹೊಗೆ ಕಂಡರೆ ಆ ಮನೆಯ ಪಾಲು ಮುಟ್ಟುಗೋಲು. ಉಳಿದ ಕಾಲದಲ್ಲಿ ಮನೆಗಿಷ್ಟು ಮೀನು ಎಂಬ ಮಿತಿ. ಒಲೆಯ ಮೇಲಿನ ಕೊಪ್ಪರಿಗೆ ಅಳೆದು, ಯಾರು ಎಷ್ಟು ಹಿಡಿದಿದ್ದಾರೆಂದು ನೋಡಿ ಪಾಲು ಗೊತ್ತುಮಾಡಲು ಅರಮನೆಯ ಅಳತೆಯವನು ಬರುತ್ತಾನೆ.

ಡಂಗುರ ಕೇಳಿ ಅವಳು ಅತ್ತುಬಿಟ್ಟಳು. ಖುಷಿಗೆ. ತಾನು ಒಬ್ಬಳೇ ಹಲ್ಲು ಕಚ್ಚಿ ನಡೆಸಿಕೊಂಡು ಬಂದದ್ದು ಈಗ ಎಲ್ಲರಿಗೂ ಕಟ್ಟಳೆ! ಅದಕ್ಕಿಂತ ಹೆಚ್ಚಿನ ಖುಷಿ ಎರಡನೆಯ ಮಾತಿಗೆ. ಯಾರು ಎಷ್ಟು ಹಿಡಿದರು ಎಂದು ನೋಡುತ್ತಾರಂತೆ! ನೋಡಲಿ. ನುಂಗಿದವರು ಇನ್ನು ಕಕ್ಕಬೇಕು. ಊರಿನವರಿಗೂ ಹಾಗೇ ಅನ್ನಿಸಿತು. ಹೆಚ್ಚು ಹಿಡಿದವರು ಕೊಪ್ಪರಿಗೆಗಳನ್ನು ಮರಳಿನಲ್ಲಿ ಹೂತರು.

ವ್ಯಾಪಾರಿ ಮಾತ್ರ ಹೂಳಲಿಲ್ಲ. ಅವನು ದೋಣಿ ಹತ್ತಿ ಆಚೆ ದಡದ ಪೇಟೆಗೆ ಹೋದ, ಅಳತೆಯವನ ಜೊತೆ ಕೂತು ಊಟ ಮಾಡಿದ, ಬಂದ. ಬಂದವನು ನೇರ ಅವಳ ಅಂಗಳಕ್ಕೆ ಕಾಲಿಟ್ಟ.

"ಅಕ್ಕಾ, ಆ ದೊಡ್ಡ ಕೊಪ್ಪರಿಗೆ ಎರಡು ದಿನಕ್ಕೆ ಸಿಕ್ಕೀತೇ? ಮಗಳನ್ನು ನೋಡಲು ನೆಂಟರು ಬರುತ್ತಿದ್ದಾರೆ. ಅನ್ನ ಬೇಯಿಸಬೇಕು."

ಎರಡು ದಿನ ಅಂದರೆ ಅಳತೆಯವನು ಬರುವ ದಿನವೂ ಸೇರಿತು. ಅವಳು ಒಳಗೊಳಗೇ ನಕ್ಕಳು. ಈ ಪೆದ್ದನಿಗೆ ಡಂಗುರ ಅರ್ಥವಾಗಿಲ್ಲ! ಇದ್ದಬದ್ದ ಕೊಪ್ಪರಿಗೆಯನ್ನೆಲ್ಲ ಒಲೆಯ ಮೇಲಿಟ್ಟುಕೊಂಡು ತಾನಾಗಿ ಸಿಕ್ಕಿಬೀಳುತ್ತಿದ್ದಾನೆ! ಅವಳು ಕೋಳಿಗಳನ್ನು ಓಡಿಸಿದಳು. ಅಂಟಿದ ಹಿಕ್ಕೆಯನ್ನು ತೆಂಗಿನ ನಾರು ಹಾಕಿ ತಿಕ್ಕಿ ತೊಳೆದಳು. ಉರುಳಿಸಲು ತಾನೇ ಹೆಗಲು ಕೊಟ್ಟಳು.

"ತಗೊಂಡು ಹೋಗಿ ಸಾಹುಕಾರರೇ. ಇನ್ನೂ ಎರಡು ದಿನ ಇಟ್ಟುಕೊಂಡರೂ ನನ್ನದೇನೂ ಅಡ್ಡಿಯಿಲ್ಲ."

ಅವನು ಕೈಮುಗಿದು ಹೋದ. ಹಾಗೇ ಮನೆಮನೆಗೂ ಹೋದ. ಮರಳಿನಲ್ಲಿ ಹೂತವರೂ ಅಗೆದು ಕೊಟ್ಟರು. ಅವನ ಮೇಲೆ ಎಲ್ಲರಿಗೂ ಒಂದೊಂದು ಹಳೆಯ ಸಿಟ್ಟಿತ್ತು.

ಅಳತೆಯವನು ಬಂದ. ಕೋಲು ಇಳಿಸಿ ಪ್ರತಿ ಒಲೆಯ ಮೇಲಿನ ಕೊಪ್ಪರಿಗೆಯ ಆಳ ಅಗಲ ನೋಡಿದ. ವ್ಯಾಪಾರಿಯ ಚಪ್ಪರದಲ್ಲಿ ಕೊಪ್ಪರಿಗೆಗಳು ಪಂಕ್ತಿ ಊಟಕ್ಕೆ ಕೂತ ಹಾಗೆ ಸಾಲಾಗಿ ಕೂತಿದ್ದವು. ಅಳೆದು ಮುಗಿದ ಮೇಲೆ ಅಳತೆಯವನು ತೆಂಗಿನ ಮರದ ಬುಡದಲ್ಲಿ ನಿಂತು ಹೇಳಿದ.

"ದೊರೆಗೆ ಯಾರ ಹೊಟ್ಟೆಯ ಮೇಲೂ ಹೊಡೆಯುವ ಮನಸ್ಸಿಲ್ಲ. ಯಾರಿಗೆ ಎಷ್ಟು ಅಭ್ಯಾಸವೋ ಅವರಿಗೆ ಅಷ್ಟು ಪಾಲು. ದೊಡ್ಡ ಕೊಪ್ಪರಿಗೆಗೆ ದೊಡ್ಡ ಪಾಲು."

ದ್ವೀಪದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಾಪಾರಿಗೆ ಹೋಯಿತು. ಅವಳಿಗೆ ಬಂದದ್ದನ್ನು ಅವಳ ದೋಣಿ ಒಂದು ವಾರದಲ್ಲಿ ಹಿಡಿದು ಮುಗಿಸಬಹುದಿತ್ತು.

ಅವಳು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಸ್ವಾಮೀ, ಆ ಸಾಲಿನಲ್ಲಿರುವ ದೊಡ್ಡದು ನನ್ನದು."

"ನಿನ್ನದಾದರೆ ನಿನ್ನ ಒಲೆಯ ಮೇಲೆ ಯಾಕಿಲ್ಲ ತಾಯಿ?"

ವ್ಯಾಪಾರಿ ಸಿಕ್ಕಿಬೀಳಲಿ ಅಂತ ಕೊಟ್ಟೆ ಎಂದು ಊರೆದುರು ಹೇಗೆ ಹೇಳುವುದು? ಯಾರೋ ಕಿಸಕ್ಕನೆ ನಕ್ಕರು. ಕೊಪ್ಪರಿಗೆ ಕೊಟ್ಟ ಉಳಿದವರು ನೆಲ ನೋಡಿದರು.

"ಹೋಗಲಿ, ಅದು ಬೇಡ," ಎಂದಳು. "ಇಡೀ ಊರು ಮೊಟ್ಟೆಯ ಮೀನು ಬೇಯಿಸುವಾಗ ನನ್ನ ಒಲೆಯೊಂದೇ ಆರಿತ್ತು. ವರ್ಷ ವರ್ಷವೂ ಆರಿತ್ತು. ಇವರನ್ನೇ ಕೇಳಿ, ಯಾರಾದರೂ ಇಲ್ಲ ಅನ್ನಲಿ. ಅದನ್ನು ಅಳೆಯಿರಿ."

ಯಾರೂ ಇಲ್ಲ ಅನ್ನಲಿಲ್ಲ. ಅಳತೆಯವನು ಅವಳ ಚಪ್ಪರದ ಕಡೆ ನೋಡಿದ. ಕೈಯಲ್ಲಿದ್ದ ಕೋಲು ನೋಡಿದ. ನಿಜವಾಗಿಯೂ ಬೇಸರಪಟ್ಟುಕೊಂಡು ಹೇಳಿದ: "ಆರಿದ ಒಲೆಗೆ ಕೋಲಿಲ್ಲ ತಾಯಿ."

ಹಿಡಿಯುವ ಕಾಲ ಶುರುವಾಯಿತು. ವಾರಕ್ಕೆ ಅವಳ ಪಾಲು ಮುಗಿಯಿತು, ದೋಣಿ ಮರಳಿಗೆ ಬಂತು. ಆಳುಗಳು ಮುಖ ತಿರುಗಿಸಿ ನಿಂತರು. ಅತ್ತ ವ್ಯಾಪಾರಿಗೆ ಬೇರೆ ಚಿಂತೆ. ಅಷ್ಟು ದೊಡ್ಡ ಪಾಲು ಹಿಡಿಯಲು ಅವನ ಬಳಿ ಅಷ್ಟು ದೋಣಿಗಳೇ ಇರಲಿಲ್ಲ. ಅವನು ಮತ್ತೆ ಅವಳ ಅಂಗಳಕ್ಕೆ ಬಂದ.

"ಸುಮ್ಮನೆ ಯಾಕೆ ಕೂತಿದ್ದೀಯಕ್ಕ? ನನ್ನ ಪಾಲಿನಲ್ಲಿ ಹಿಡಿ. ಮೂರರಲ್ಲಿ ಒಂದು ನಿನಗೆ. ನಿನ್ನ ದೊಡ್ಡ ಕೊಪ್ಪರಿಗೆಯನ್ನೂ ಕಳಿಸುತ್ತೇನೆ, ಅದರಲ್ಲೇ ಬೇಯಿಸಿಕೊಡು."

ಅವಳು ಅವನ ಮುಖಕ್ಕೆ ಉಗುಳಬೇಕೆಂದುಕೊಂಡಳು. ಹಿಂದೆ ಆಳುಗಳು ನಿಂತಿದ್ದರು, ಅವರ ಮನೆಗಳಲ್ಲಿ ಮಕ್ಕಳಿದ್ದವು. ಉಗುಳು ನುಂಗಿಕೊಂಡಳು. ತನ್ನದೇ ದೋಣಿಯಲ್ಲಿ, ತಾನು ಹುಟ್ಟಿದ ಸಮುದ್ರದಲ್ಲಿ, ಎಳೆದ ಮೂರು ಮೀನಿನಲ್ಲಿ ಎರಡನ್ನು ಅವನಿಗೆ ಎಣಿಸಿ ಕೊಟ್ಟಳು.

ಮೊಟ್ಟೆಯ ಕಾಲ ಬಂತು. ದೊರೆಯ ಆಜ್ಞೆಯ ಮೊದಲ ವರ್ಷ. ಕಡಲ ದಂಡೆಯಲ್ಲಿ ವೇದಿಕೆ ಕಟ್ಟಿದರು. ಅಳತೆಯವನು ಬಂದ. ಎಲ್ಲಕ್ಕಿಂತ ದೊಡ್ಡ ಪಾಲಿನ ಯಜಮಾನ ಎಂದು ವ್ಯಾಪಾರಿಯ ಕೈಗೆ ಬೆಳ್ಳಿಯ ಕೊಡ ಕೊಟ್ಟರು. ಅವನು ಮೊದಲ ಒಲೆಗೆ ಮೊದಲ ನೀರು ಸುರಿದ. ಸಮುದ್ರ ನಮ್ಮ ತಾಯಿ ಎಂದು ಮಾತನಾಡಿದ. ಮಾತಾಡುತ್ತಾ ತಾನೇ ಕಣ್ಣೊರೆಸಿಕೊಂಡ. ದೊರೆ ಕಳಿಸಿದ ಶಾಲು ಹೊದಿಸಿದರು, ಹಾರ ಹಾಕಿದರು. ಚಪ್ಪಾಳೆ ತಟ್ಟಿದರು.

ಅವಳು ಜನರ ಹಿಂದೆ ನಿಂತು ಎಲ್ಲವನ್ನೂ ನೋಡಿದಳು. ಚಪ್ಪಾಳೆ ಮುಗಿಯುವ ಮೊದಲೇ ಮನೆಗೆ ನಡೆದಳು. ಚಪ್ಪರದ ಒಲೆಗೆ ತೆಂಗಿನ ಸಿಪ್ಪೆ ತುಂಬಿದಳು. ತನ್ನ ಜೀವಮಾನದಲ್ಲಿ ಮೊದಲ ಸಲ, ಮೊಟ್ಟೆಯ ಕಾಲದಲ್ಲಿ ಬೆಂಕಿ ಹಚ್ಚಿದಳು.

ತಾಂಡೇಲ ಓಡಿ ಬಂದ. "ಅಕ್ಕಾ! ತಲೆ ಕೆಟ್ಟಿತೇ? ಮೀನು ಎಲ್ಲಿಂದ ತಂದೆ?"

"ಮೀನಿಲ್ಲ. ನೀರು."

ನಿಜ, ಕೊಪ್ಪರಿಗೆಯಲ್ಲಿ ಬರೀ ಉಪ್ಪುನೀರು ಕುದಿಯುತ್ತಿತ್ತು.

"ಮತ್ತೆ ಯಾಕೆ ಉರಿ?"

"ಆರಿದ್ದು ಯಾರಿಗೂ ಕಾಣಲಿಲ್ಲವಲ್ಲ. ಉರಿದದ್ದಾದರೂ ಕಾಣಲಿ."

ಹೊಗೆ ತೆಂಗಿನ ತೋಟದ ಮೇಲೆದ್ದು ವೇದಿಕೆಯ ಕಡೆಗೇ ಬಾಗಿತು. ಕಾವಲಿನವರು ಬಂದರು. ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದರು, ಮೀನಿನ ಒಂದು ಮುಳ್ಳೂ ಇರಲಿಲ್ಲ. ಅವರು ಮುಖ ಮುಖ ನೋಡಿಕೊಂಡರು. ಆದರೆ ಆಜ್ಞೆಯಲ್ಲಿ ಮೀನಿನ ಮಾತಿರಲಿಲ್ಲ, ಹೊಗೆಯ ಮಾತಿತ್ತು. ದ್ವೀಪದಲ್ಲಿ ಆ ವರ್ಷ ಕಟ್ಟಳೆ ಮುರಿದವಳು ಅವಳೊಬ್ಬಳೇ. ಅವಳ ಪಾಲು ಮುಟ್ಟುಗೋಲಾಯಿತು. ಮುಟ್ಟುಗೋಲಾದ ಪಾಲನ್ನು ಕೊಪ್ಪರಿಗೆಯ ಲೆಕ್ಕದಲ್ಲಿ ಉಳಿದವರಿಗೆ ಹಂಚಿದರು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಯಾರ ಮನೆಗೆ ಹೋಯಿತು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀಲಮ್ಮ ಕತೆ ಮುಗಿಸಿದರು. ಉಸಿರು ಇನ್ನೂ ಬಿರುಸಾಗಿತ್ತು.

ಗಿರಿಯಪ್ಪ ತಲೆ ಕೆರೆದುಕೊಂಡ. ಬರುವಾಗ ಇದ್ದ ಖುಷಿ ಮುಖದ ಮೇಲೆ ಇರಲಿಲ್ಲ. ಆದರೂ ಅವನು ಅಧಿಕಾರಿ, ಸುಲಭಕ್ಕೆ ಬಿಡುವವನಲ್ಲ.

"ಆ ಹೆಂಗಸಿಗೆ ಅನ್ಯಾಯವಾಯಿತಮ್ಮ, ಒಪ್ಪಿದೆ. ಆದರೆ ಅಳತೆಯವನಾದರೂ ಏನು ಮಾಡಿಯಾನು? ಹಿಡಿದ ಮೀನಿಗೆ ಗುರುತು ಇರುತ್ತದೆ, ಅಳೆಯಬಹುದು. ಬಿಟ್ಟ ಮೀನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಗೆ?"

ನೀಲಮ್ಮ ಅವನ ಕಣ್ಣನ್ನೇ ನೋಡಿದರು.

"ಹಿಡಿದ ಮೀನನ್ನು ತಿಂದು ಮುಗಿಸಿಯಾಯಿತಲ್ಲ ಮಾರಾಯ, ನಾಳೆ ನೀನು ಹಂಚಲು ಹೊರಟಿರುವುದು ಯಾವ ಮೀನನ್ನು?"