ಕಾಜಾಣನ ಪುಕ್ಕಟೆ ಕೂಗು

ಮಕ್ಕಳೇ, ಈ ಕತೆ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಆದರೂ ಹೇಳುತ್ತೇನೆ.

ಕಾಡಿನ ನಡುವೆ ಒಂದು ಹುಲ್ಲುಗಾವಲು. ಜಿಂಕೆ, ಹಂದಿ, ಕಾಡುಕೋಣ ಎಲ್ಲ ಅಲ್ಲಿ ಒಟ್ಟಿಗೆ ಮೇಯುತ್ತಿದ್ದವು. ಮರದ ತುದಿಯಲ್ಲಿ ಕೂತು ಕಾವಲು ಕಾಯುವವನು ಕರಿಮುಖದ ಮುದಿ ಕೋತಿ ಮುಸುವಜ್ಜ. ಅಪಾಯ ಕಂಡರೆ ಅವನು ಕೂಗಬೇಕು. ಆಮೇಲೆ ಕೆಳಗಿಳಿದು, "ಎಲ್ಲಿ ಕಂಡೆ? ಏನು ಕಂಡೆ?" ಎಂದು ಕೇಳಿದವರಿಗೆಲ್ಲ ಉತ್ತರ ಹೇಳಬೇಕು. ಅದು ಅಲ್ಲಿನ ಪದ್ಧತಿ.

ಒಂದು ವರ್ಷ ಅಜ್ಜನ ಗಂಟಲು ಕಟ್ಟಿತು. ಆಗ ಬಂದ ನೋಡಿ ಕಾಜಾಣ! ಯಾರ ದನಿಯನ್ನಾದರೂ ಹಾಗೇ ಕೂಗಬಲ್ಲ ಕರಿಹಕ್ಕಿ.

"ಇನ್ಮೇಲೆ ನಾನು ಕೂಗ್ತೀನಿ. ಯಾರೇ ಏನೇ ಹೇಳಲಿ, ಕಾಡಿಗೆಲ್ಲ ಮುಟ್ಟಿಸ್ತೀನಿ. ನನಗೇನೂ ಕೊಡಬೇಡಿ."

"ಅಬ್ಬಾ, ಎಷ್ಟು ಒಳ್ಳೆಯವನು! ಪುಕ್ಕಟೆ ದುಡಿಯೋನನ್ನ ಪ್ರಶ್ನೆ ಕೇಳೋದು ಚೆನ್ನಾಗಿರಲ್ಲ," ಎಂದು ಎಲ್ಲರೂ ಪದ್ಧತಿ ಬಿಟ್ಟರು.

ಪ್ರಾಣಿಗಳು ಓಡಿದರೆ ಹುಲ್ಲಿನಿಂದ ಮಿಡತೆಗಳು ಏಳುತ್ತವೆ. ಹೆದರಿ ಓಡಿದಷ್ಟೂ ಕಾಜಾಣನಿಗೆ ಊಟ. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಚುಕ್ಕಿ ಎಂಬ ಜಿಂಕೆ ತನ್ನ ನಾಲ್ಕು ದಿನದ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ, "ನಾನು ಕರೆಯೋವರೆಗೂ ಏಳಬಾರದು ಕಂದ," ಎಂದು ಮೇಯಲು ಹೋದಳು. ಅಷ್ಟರಲ್ಲಿ ಹರಟೆಮಲ್ಲ ಹಕ್ಕಿ, "ಪೊದೆ ಅಲುಗಾಡ್ತು. ಸೀಳುನಾಯಿ ಇರಬಹುದೇನೋ," ಎಂದು ಗೊಣಗಿತು.

ಕಾಜಾಣ 'ಇರಬಹುದೇನೋ' ಬಿಟ್ಟುಬಿಟ್ಟ. ಮುಸುವಜ್ಜನ ದನಿಯಲ್ಲೇ ಕಿರುಚಿದ: "ಸೀಳುನಾಯಿ! ಓಡಿ!"

ಎಲ್ಲರೂ ದಿಕ್ಕೆಟ್ಟು ಓಡಿದರು. ನೂಕಾಟದಲ್ಲಿ ಚುಕ್ಕಿಯೂ ಹಿಂಡಿನೊಂದಿಗೆ ಓಡಬೇಕಾಯಿತು. ಮರಿ ಮಾತ್ರ ಅಮ್ಮನ ಮಾತು ಮೀರದೆ ಅಲ್ಲೇ ಮಲಗಿತ್ತು. ಕಾಡುಕೋಣಗಳು ಆ ಹುಲ್ಲಿನ ಮೇಲೇ ಹಾದುಹೋದವು.

ಸೀಳುನಾಯಿ ಬರಲೇ ಇಲ್ಲ. ಚುಕ್ಕಿ ಹಿಂತಿರುಗಿ, "ಏಳು ಕಂದ," ಎಂದು ಕರೆದಳು. ಮರಿ ಏಳಲಿಲ್ಲ.

"ಸೀಳುನಾಯಿ ಎಲ್ಲಿತ್ತಪ್ಪಾ?" ಎಂದು ಅವಳು ಕೇಳಿದಳು.

ಕಾಜಾಣ ಮಿಡತೆ ನುಂಗಿದ. "ನನಗೇನು ಗೊತ್ತು? ಹೇಳಿದ್ದು ಹರಟೆಮಲ್ಲ, ತುಳಿದದ್ದು ಕೋಣ. ನಾನು ಬರೀ ಮುಟ್ಟಿಸಿದೆ."

"ಕೂಗು ನಂಬಿ ಓಡಿದೆವು ತಾಯಿ," ಎಂದು ಕೋಣ ಬಿಕ್ಕಳಿಸಿತು.

ಮುಸುವಜ್ಜ ಕಟ್ಟಿದ ಗಂಟಲಲ್ಲೇ ಹೇಳಿದ: "ಕೂಗಿದವನು ನೀನು, ಹೊಟ್ಟೆ ತುಂಬಿದ್ದೂ ನಿನಗೇ. ಇಳಿದು ಬಂದು ಉತ್ತರ ಹೇಳು. ಇಲ್ಲದಿದ್ದರೆ ನಿನ್ನ ಕೂಗಿಗೆ ಇನ್ನು ಯಾರೂ ಓಡಲ್ಲ."

ಯಾರೂ ಓಡಲಿಲ್ಲ. ಮೂರು ದಿನ ಹಸಿದ ಮೇಲೆ ಕಾಜಾಣ ತಲೆ ತಗ್ಗಿಸಿ ಇಳಿದು ಬಂದ. ತಪ್ಪು ಒಪ್ಪಿಕೊಂಡ.

ಈಗ ಪ್ರತಿ ಕೂಗಿಗೂ ಅವನು ಕೆಳಗಿಳಿಯಲೇಬೇಕು. ಮೊದಲು ಪ್ರಶ್ನೆ ಕೇಳುವವಳು ಚುಕ್ಕಿ. ಕೇಳಿ ಮುಗಿಸಿ ಆ ಹುಲ್ಲಿನ ಬಳಿ ಹೋಗುತ್ತಾಳೆ. "ಏಳು ಕಂದ," ಎಂದು ಒಮ್ಮೆ ಕರೆಯುತ್ತಾಳೆ. ಸ್ವಲ್ಪ ಹೊತ್ತು ಕಾದು, ಮೇಯಲು ಹೋಗುತ್ತಾಳೆ.

ನೀತಿ: ಸುದ್ದಿ ಹರಡಿ ಲಾಭ ಪಡೆಯುವವನು ಅದರಿಂದಾದ ಹಾನಿಗೂ ಉತ್ತರ ಹೇಳಬೇಕು, ಆ ಸುದ್ದಿ ನಿಜವೇ ಎಂದು ಹಾನಿಯಾಗುವ ಮೊದಲೇ ಕೇಳುವುದು ನಮ್ಮೆಲ್ಲರ ಕರ್ತವ್ಯ.