ಒರಳಪ್ಪನ ಕರೆಂಟ್ ಬಿಲ್ಲು

ಒಂದೂರಿನ ಹೋಟೆಲಿನಲ್ಲಿ ಯಜಮಾನ ರುದ್ರಯ್ಯನವರದೇ ದರ್ಬಾರು. ಒಂದು ದಿನ ಅವರ ಮೊಬೈಲಿಗೆ ಇಮೇಲ್ ಬಂತು: ‘ಕರೆಂಟ್ ಬಿಲ್ಲಿಗೆ ಸಹಾಯಧನ ಕೊಡುತ್ತೇವೆ. ಬ್ಯಾಂಕ್ ಕಾರ್ಡಿನ ನಂಬರ್ ಕಳಿಸಿ.’

ರುದ್ರಯ್ಯ ಎದೆಯುಬ್ಬಿಸಿಕೊಂಡು ಅಡುಗೆಮನೆಗೆ ಬಂದರು. ಒರಳಿನಲ್ಲಿ ಚಟ್ನಿ ರುಬ್ಬುತ್ತಿದ್ದ ಹೆಂಗಸಿಗೆ, “ಸರ್ಕಾರ ನನಗೇ ಬರೆದಿದೆ ಕಣಮ್ಮ! ನಿನ್ನ ಕಾರ್ಡೂ ತಾ, ನಿನಗೂ ಕೊಡಿಸ್ತೀನಿ,” ಎಂದರು.

ಒಲ್ಲೆ ಅಂದರೆ ಅವಳ ಕೆಲಸ ಹೋಗುತ್ತದೆ. ಕೊಟ್ಟರೆ ಕೂಡಿಟ್ಟದ್ದು ಹೋಗುತ್ತದೆ.

“ಆಗ್ಲಿ ಯಜಮಾನ್ರೇ. ಆದ್ರೆ ಈ ಒರಳು ನಿಮ್ಮ ತಾತನ ಕಾಲದ್ದು. ಆಯುಧಪೂಜೇಲಿ ಮೊದಲ ಕುಂಕುಮ ಇದಕ್ಕೇ ತಾನೇ? ಅರ್ಜೀನೂ ಮೊದಲು ಇದರದ್ದೇ ಹಾಕಿ. ಹೆಸರು ಒರಳಪ್ಪ ಅಂತ ಬರೀರಿ.”

ತಾತನ ಮಾತು ಬಂದಮೇಲೆ ಇಲ್ಲ ಅನ್ನುವುದುಂಟೆ? ರುದ್ರಯ್ಯ ಆ ಹೆಸರಷ್ಟೇ ಬರೆದು ಕಳಿಸಿದರು.

ಕಾಫಿ ಆರುವುದರೊಳಗೆ ಉತ್ತರ ಬಂತು: ‘ಮಾನ್ಯ ಒರಳಪ್ಪನವರೇ, ನಿಮ್ಮ ಬಿಲ್ಲು ಪರಿಶೀಲಿಸಿದ್ದೇವೆ. ನೀವು ವಿಪರೀತ ಕರೆಂಟ್ ಸುಡುತ್ತೀರಿ. ಕೂಡಲೇ ಕಾರ್ಡಿನ ನಂಬರ್ ಕೊಡಿ. ಇಲ್ಲವಾದರೆ ಇವತ್ತೇ ನಿಮ್ಮ ಕರೆಂಟ್ ಕಟ್!’

ರುದ್ರಯ್ಯ ಒರಳಿಗೆ ಒಂದು ಸುತ್ತು ಬಂದರು. ಬಗ್ಗಿ ನೋಡಿದರು. “ಇದಕ್ಕೆ ವೈರೇ ಇಲ್ವಲ್ಲಮ್ಮ?”

“ನಿಮಗೆ ಗೊತ್ತು, ನನಗೆ ಗೊತ್ತು. ಬಿಲ್ಲು ಪರಿಶೀಲಿಸಿದೋರಿಗೆ ಗೊತ್ತಿಲ್ಲ.”

ಅಷ್ಟರಲ್ಲಿ ದಿನದಂತೆ ಊರಿನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಮಿಕ್ಸಿ ನಿಂತಿತು. “ಅಯ್ಯೋ, ಕಟ್ ಮಾಡೇಬಿಟ್ರು!” ಎಂದು ರುದ್ರಯ್ಯ ಕಾರ್ಡಿಗಾಗಿ ಜೇಬು ತಡಕಿದರು.

ಹೆಂಗಸು ಗುಂಡುಕಲ್ಲು ತಿರುಗಿಸುತ್ತಲೇ ಹೇಳಿದಳು: “ಅವರು ಕಟ್ ಮಾಡ್ತೀವಿ ಅಂದದ್ದು ಒರಳಪ್ಪಂದು ಯಜಮಾನ್ರೇ. ಇಡೀ ಊರಲ್ಲಿ ಅವನದೊಂದೇ ಹೋಗಿಲ್ಲ, ನೋಡಿ.”